ಕೈಯೊಳಗೆ ಕೈ: ಗಡಿಸೀಮೆಯ ಸಭೆಗಳಲ್ಲಿ ಸಮಾಧಾನದ ಪ್ರಾರ್ಥನೆ

ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಾಗ ನಮ್ಮ ಭಾಗದ ಹಿರಿಯರು ಇಬ್ಬರನ್ನೂ ಕಟ್ಟೆಗೆ ಕರೆದು ಹೇಳುವ ಮಾತು ಒಂದೇ: ‘ಸಮಾಧಾನ ಮಾಡ್ಕೋರಿ.’ ಸಾವಾದ ಮನೆಗೆ ಹೋದವರು ಅಳುವವರ ಬೆನ್ನು ಸವರಿ ಹೇಳುವುದೂ ಅದನ್ನೇ: ‘ಸಮಾಧಾನ ಮಾಡ್ಕೋರಿ.’ ಮೊದಲನೆಯದರಲ್ಲಿ ರಾಜಿಯಿದೆ, ಎರಡನೆಯದರಲ್ಲಿ ನೆಮ್ಮದಿಯಿದೆ. ಕನ್ನಡ ಸತ್ಯವೇದದಲ್ಲೂ ಈ ಪದಕ್ಕೆ ಇದೇ ಹರವು. ಮನಸ್ಸಿನ ಶಾಂತಿಗೂ ಮುರಿದ ಸಂಬಂಧವನ್ನು ಮರಳಿ ಕೂಡಿಸುವ ಕೆಲಸಕ್ಕೂ ಅಲ್ಲಿ ಬರುವ ಮಾತು ‘ಸಮಾಧಾನ’. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಪೌಲನು ಸಭೆಗೆ ಒಪ್ಪಿಸಿದ ಸೇವೆ ಯಾವುದೆಂದು ಕೇಳಿದರೆ, ನಮ್ಮ ಭಾಷೆ ಕೊಡುವ ಉತ್ತರವೂ ಈ ಪದವೇ. ಹಾಗಾಗಿ ಕನ್ನಡದಲ್ಲಿ ಸಮಾಧಾನಕ್ಕಾಗಿ ಪ್ರಾರ್ಥಿಸುವವನು ತನಗೆ ಗೊತ್ತಿದ್ದೋ ಗೊತ್ತಿಲ್ಲದೆಯೋ ಎರಡನ್ನು ಬೇಡುತ್ತಾನೆ: ನೆಮ್ಮದಿಯನ್ನೂ, ಜಗಳವಾಡಿದವನ ಬಾಗಿಲಿಗೆ ಹೋಗುವ ಧೈರ್ಯವನ್ನೂ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳ ಕ್ರೈಸ್ತರು ಸಂಖ್ಯೆಯಲ್ಲಿ ಚಿಕ್ಕ ಹಿಂಡು. ಆದರೆ ಅವರು ನೆಲೆಸಿರುವುದು ಎರಡು ರಾಜ್ಯ, ಎರಡು ಭಾಷೆ, ಹಲವು ಸಭೆಗಳು ಕೂಡುವ ಜಾಗದಲ್ಲಿ. ಇಲ್ಲಿ ಸಮಾಧಾನದ ಪ್ರಾರ್ಥನೆಯ ಚರಿತ್ರೆಯನ್ನು ಬರೆಯಹೊರಟರೆ ಅದು ನಮ್ಮ ಸಂಸ್ಥೆಗಳ ಚರಿತ್ರೆಯೂ ಆಗುತ್ತದೆ. ಆ ಚರಿತ್ರೆಯಿಂದ ನಾನು ಕಲಿತ ಪಾಠವನ್ನು ಮೊದಲೇ ಹೇಳಿಬಿಡುತ್ತೇನೆ: ತನ್ನ ಮನೆಯ ಜಗಳವನ್ನು ಒಪ್ಪಿಕೊಂಡ ಸಭೆಯ ಬಾಯಲ್ಲಿ ಮಾತ್ರ ಊರಿನ ಸಮಾಧಾನದ ಪ್ರಾರ್ಥನೆಗೆ ತೂಕ ಬರುತ್ತದೆ.

ಎರಡು ದಾರಿ, ಒಂದು ಸೀಮೆ

ಪ್ರಾಟೆಸ್ಟಂಟ್ ಸುವಾರ್ತೆ ಈ ಸೀಮೆಗೆ ಎರಡು ದಿಕ್ಕಿನಿಂದ ಬಂತು. ದಕ್ಷಿಣದ ದಾರಿ ಬಳ್ಳಾರಿಯಿಂದ ಹೊರಟು ಬೆಳಗಾವಿಗೆ ಮುಟ್ಟಿದ್ದು. ಲಂಡನ್ ಮಿಷನರಿ ಸೊಸೈಟಿಯ ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಯಲ್ಲಿ ಕೆಲಸ ಆರಂಭಿಸಿದರು. ಪೇಶ್ವೆಯ ಆಡಳಿತ ಮುಗಿದು, ಬೆಳಗಾವಿಯ ಕೋಟೆ ಇಂಗ್ಲಿಷರ ಕೈಸೇರಿ ಆಗಿನ್ನೂ ಎರಡೇ ವರ್ಷ. ಟೇಲರ್ ಜೊತೆ ದುಡಿಯಲು ಬಂದ ವಿಲಿಯಂ ಬೇನನ್ ಹೆಸರು ಬೆಳಗಾವಿಯ ಬೇನನ್ ಸ್ಮಿತ್ ಶಾಲೆಯಲ್ಲಿ ಇಂದಿಗೂ ಉಳಿದಿದೆ. ಇತ್ತ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಅವರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಯಿತು. ಬೆಳಗಾವಿ ಸೀಮೆಯವರು ಓದು ಬರಹ ಕಲಿತು ತಮ್ಮದೇ ಭಾಷೆಯಲ್ಲಿ ಪ್ರಾರ್ಥಿಸಲು ದಾರಿಯಾದದ್ದು ಹೀಗೆ.

ಉತ್ತರದ ದಾರಿ ಕೊಲ್ಹಾಪುರದ್ದು. ಅಮೆರಿಕದ ರಾಯಲ್ ವೈಲ್ಡರ್ 1852ರಲ್ಲಿ ಅಲ್ಲಿ ನೆಲೆಸಿದರು. ಮುಂದೆ ಆ ಕೆಲಸ ಅಮೆರಿಕನ್ ಪ್ರೆಸ್ಬಿಟೇರಿಯನ್ನರ ಪಶ್ಚಿಮ ಭಾರತ ಮಿಷನ್ನಾಗಿ ಬೆಳೆಯಿತು. ಸಾಂಗಲಿ, ಮಿರಜ್‌ಗಳ ಜೊತೆಗೆ ನಮ್ಮ ನಿಪ್ಪಾಣಿಯೂ ಅದರ ಕೇಂದ್ರಗಳಲ್ಲಿ ಒಂದಾಯಿತು. ಆ ಮಿಷನ್ನಿನ ಭಾಷೆ ಮರಾಠಿ. ಹೀಗೆ ಚಿಕ್ಕೋಡಿ ಕಡೆಯವನು ಕನ್ನಡದ ಕೀರ್ತನೆ ಹಾಡಿದರೆ, ನಿಪ್ಪಾಣಿಯವನು ಮರಾಠಿಯ ‘ಉಪಾಸನಾ ಸಂಗೀತ’ವನ್ನು ಕೈಗೆತ್ತಿಕೊಳ್ಳುವ ಪರಿಸ್ಥಿತಿ ಉಂಟಾಯಿತು. ಇಬ್ಬರ ಊರಿನ ನಡುವೆ ಅರ್ಧ ದಿನದ ಚಕ್ಕಡಿ ದಾರಿ. ಸಂತೆ ಒಂದೇ, ಹೊಗೆಸೊಪ್ಪಿನ ಬೆಲೆ ಒಂದೇ, ದೇವರೂ ಒಬ್ಬನೇ.

ಈ ಎರಡು ದಾರಿಗಳನ್ನು ಕೂಡಿಸಿದ್ದು ಒಂದು ಆಸ್ಪತ್ರೆ. ಕೆನಡಾ ಮೂಲದ ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜ್‌ನಲ್ಲಿ ಆಸ್ಪತ್ರೆ ತೆರೆದರು. ಅದಕ್ಕೂ ಮೊದಲೇ ಮಿರಜ್‌ನಿಂದ ಬೆಳಗಾವಿಗೆ ರೈಲು ಬಂದಿತ್ತು. ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್ ಎಲ್ಲ ಅದೇ ಹಳಿಯ ಮೇಲಿನ ನಿಲ್ದಾಣಗಳು. ಕಣ್ಣಿನ ಪೊರೆ ಬಂದ ಮುದುಕಿ, ಹೆರಿಗೆ ಕಷ್ಟವಾದ ಸೊಸೆ, ಹೊಟ್ಟೆಯಲ್ಲಿ ಗಡ್ಡೆಯಾದ ರೈತ ಎಲ್ಲರಿಗೂ ‘ಮಿರಜಿಗೆ ಒಯ್ಯೋದು’ ಎಂದರೆ ಕೊನೆಯ ಆಸೆಯಾಗಿತ್ತು. ಆ ವಾರ್ಡುಗಳಲ್ಲಿ ಕನ್ನಡದವರ ಪಕ್ಕದ ಹಾಸಿಗೆಯಲ್ಲಿ ಮರಾಠಿಯವರು, ಜೈನರ ಪಕ್ಕದಲ್ಲಿ ಮುಸಲ್ಮಾನರು, ಲಿಂಗಾಯತರ ಪಕ್ಕದಲ್ಲಿ ದಲಿತರು ಮಲಗಿದರು. ಧರ್ಮಸಭೆ ಜಾತಿಗಳ ನಡುವೆ ಸಮಾಧಾನವನ್ನು ಪ್ರಾರ್ಥಿಸಿದ್ದು ಬಾಯಿಂದ. ಅದೇ ಪ್ರಾರ್ಥನೆಯನ್ನು ಹಾಸಿಗೆಗಳ ಸಾಲಿನಲ್ಲಿ ಮಾಡಿ ತೋರಿಸಿದ ಸಂಸ್ಥೆ ಮಿರಜ್‌ನ ಆಸ್ಪತ್ರೆ.

ಇನ್ನೊಂದು ಘಟನೆಯನ್ನು ನಮ್ಮ ಇತಿಹಾಸಗಳಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. 1904ರಲ್ಲಿ ಲಂಡನ್ ಮಿಷನ್ ಎಂಬತ್ತನಾಲ್ಕು ವರ್ಷ ಬೆಳೆಸಿದ ಬೆಳಗಾವಿಯ ಕೆಲಸವನ್ನು ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಗೆ ಒಪ್ಪಿಸಿತು. ಶಾಲೆ, ಚರ್ಚು, ಸಮಾಧಿ ಭೂಮಿ, ಸಭಿಕರು ಎಲ್ಲವೂ ಬೇರೊಂದು ಸಭೆಯ ಆರೈಕೆಗೆ ಬಂದವು. ಇದು ದೊಡ್ಡಸ್ತಿಕೆಯ ನಡೆ. ತಾನು ನೆಟ್ಟ ಮರದ ಹಣ್ಣನ್ನು ಇನ್ನೊಬ್ಬರು ಕೊಯ್ಯಲಿ ಎಂದು ಬಿಟ್ಟುಕೊಡುವುದು ಸಂಸ್ಥೆಗಳಿಗೆ ಸುಲಭವಲ್ಲ. ಮೆಥೊಡಿಸ್ಟರು ಆ ಮರವನ್ನು ಹಳ್ಳಿಗಳ ಕಡೆಗೆ ಹಬ್ಬಿಸಿದರು. ಊರ ಹೊರಗಿನ ಕೇರಿಗಳಲ್ಲಿ ಶಾಲೆ ಇಟ್ಟರು. ದಲಿತ ಕುಟುಂಬಗಳು ಗುಂಪುಗುಂಪಾಗಿ ಸಭೆ ಸೇರಿದವು.

ಯುದ್ಧದ ಊರಿನಲ್ಲಿ

1914ರಲ್ಲಿ ಯುರೋಪಿನಲ್ಲಿ ಹೊತ್ತಿದ ಬೆಂಕಿಯ ಹೊಗೆ ಬೆಳಗಾವಿಯ ದಂಡಿನ ಪೇಟೆಗೂ ಬಂತು. ಕನ್ನಡ ನಾಡಿಗೆ ಅಚ್ಚುಕೂಟ, ನೇಯ್ಗೆ, ಹಂಚಿನ ಕಾರ್ಖಾನೆ, ಕಿಟ್ಟೆಲರ ನಿಘಂಟು ಕೊಟ್ಟ ಬಾಸೆಲ್ ಮಿಷನ್ನಿನಲ್ಲಿ ಜರ್ಮನರು ಬಹಳ ಮಂದಿ ಇದ್ದರು. ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡದ ಸಭೆಗಳಿಗೆ ಅವರು ಗುರುಗಳು. ಸರ್ಕಾರಕ್ಕೆ ಶತ್ರು ದೇಶದವರು. ಅಹ್ಮದ್‌ನಗರದಲ್ಲಿ ಗಂಡಸರನ್ನು ಬಂಧನದಲ್ಲಿಟ್ಟರು. ಬೆಳಗಾವಿಯಲ್ಲಿ ಹೆಂಗಸರು, ಮಕ್ಕಳು, ಕುಟುಂಬಗಳಿಗಾಗಿ ಶಿಬಿರವಿತ್ತು. ಮುಂದೆ ‘ಗೋಲ್ಕೊಂಡ’ ಎಂಬ ಹಡಗು ಅವರಲ್ಲಿ ಅನೇಕರನ್ನು ಯುರೋಪಿಗೆ ಒಯ್ದಿತು.

ಆ ದಿನಗಳ ಬೆಳಗಾವಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಕ್ಯಾಂಪಿನಲ್ಲಿ 1869ರಲ್ಲಿ ಪ್ರತಿಷ್ಠೆಯಾದ ಸೇಂಟ್ ಮೇರಿ ಚರ್ಚು, ಅಲ್ಲಿ ಇಂಗ್ಲಿಷ್ ಸಿಪಾಯಿಗಳು. ಅದೇ ಊರಿನಲ್ಲಿ ಬಂಧನದಲ್ಲಿರುವ ಜರ್ಮನ್ ತಾಯಂದಿರು. ಇಬ್ಬರ ಕೈಯಲ್ಲೂ ಒಂದೇ ಸುವಾರ್ತೆ, ಇಬ್ಬರೂ ಕರೆಯುವುದು ಒಬ್ಬನೇ ತಂದೆಯನ್ನು. ತಮಗೆ ಓದು ಕಲಿಸಿದವರನ್ನು ಶತ್ರುಗಳೆಂದು ಕರೆಯುವುದನ್ನು ಕೇಳಬೇಕಾದ ಕನ್ನಡ ಸಭಿಕರ ಸಂಕಟ ಎಂಥದಿತ್ತೆಂದು ಯೋಚಿಸಿದರೆ ಗಂಟಲು ಕಟ್ಟುತ್ತದೆ. ಯುದ್ಧದಲ್ಲಿ ದೇವರು ನಮ್ಮ ಪಕ್ಷದಲ್ಲಿರಲಿ ಎಂದು ಬೇಡುವುದು ಎಷ್ಟು ಪೊಳ್ಳು ಎಂಬುದನ್ನು ಈ ನೆಲ ಅಂದೇ ಕಂಡಿತು.

ಅದೇ ಬೆಳಗಾವಿಯಲ್ಲಿ 1924ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಅದು. ಅದಕ್ಕೆ ಎರಡು ತಿಂಗಳು ಮೊದಲು ದೆಹಲಿಯಲ್ಲಿ ಹಿಂದೂ ಮುಸ್ಲಿಂ ಐಕ್ಯಕ್ಕಾಗಿ ಅವರು ಇಪ್ಪತ್ತೊಂದು ದಿನ ಉಪವಾಸ ಮಾಡಿದ್ದರು. ಉಪವಾಸ ಮುಗಿಸುವ ಹೊತ್ತಿನಲ್ಲಿ ಕುರಾನ್ ಪಠಣವಾಯಿತು, ಉಪನಿಷತ್ತಿನ ಪಾಠವಾಯಿತು, ಗಾಂಧೀಜಿಯ ಕ್ರೈಸ್ತ ಗೆಳೆಯ ಸಿ.ಎಫ್. ಆಂಡ್ರೂಸ್ ಶಿಲುಬೆಯನ್ನು ಕುರಿತ ಕೀರ್ತನೆಯೊಂದನ್ನು ಹಾಡಿದರು. ಮತಗಳ ನಡುವಿನ ಗಾಯಕ್ಕೆ ಕ್ರೈಸ್ತ ಪ್ರಾರ್ಥನೆ ಏನು ಕೊಡಬಲ್ಲದು ಎಂಬುದಕ್ಕೆ ಇಂದಿಗೂ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಆಂಡ್ರೂಸ್ ತಮ್ಮ ಕೀರ್ತನೆಯನ್ನು ಬಿಟ್ಟುಕೊಡಲಿಲ್ಲ, ಬೇರೆಯವರ ಪಾಠದ ಮೇಲೆ ಅದನ್ನು ಹೇರಲೂ ಇಲ್ಲ. ಅದೇ 1924ರಲ್ಲಿ ಧಾರವಾಡದ ಕ್ರೈಸ್ತ ಗುರು ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳನ್ನು ಸಂಪಾದಿಸಿ ನಾಡಿಗೆ ಒಪ್ಪಿಸಿದರು. ನೆರೆಯವನ ಸಂಪತ್ತನ್ನು ತನ್ನದೆಂಬಂತೆ ಜೋಪಾನ ಮಾಡಿದ ಆ ಗುರುವನ್ನು ಕನ್ನಡಿಗರು 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಕೂರಿಸಿದರು.

ಬೆಳಗಾವಿ ಅಧಿವೇಶನದ ಮರುವರ್ಷ, 1925ರ ಏಪ್ರಿಲ್‌ನಲ್ಲಿ, ನಿಪ್ಪಾಣಿಗೆ ಡಾ. ಅಂಬೇಡ್ಕರ್ ಬಂದರು. ಮುಂಬೈ ಪ್ರಾಂತದ ಬಹಿಷ್ಕೃತರ ಪರಿಷತ್ತು ಅವರ ಅಧ್ಯಕ್ಷತೆಯಲ್ಲಿ ಅಲ್ಲಿ ನಡೆಯಿತು. ಇದು ಚರ್ಚಿನ ಘಟನೆಯಲ್ಲ. ಆದರೆ ನಮ್ಮ ಹಳ್ಳಿ ಸಭೆಗಳ ಬಹುಪಾಲು ಜನ ಯಾವ ಕೇರಿಗಳಿಂದ ಬಂದರೋ ಅದೇ ಕೇರಿಗಳ ನೋವು ಅಂದು ನಿಪ್ಪಾಣಿಯ ವೇದಿಕೆಯ ಮೇಲೆ ಮಾತಾಡಿತು. ಕೆರೆಯ ನೀರು ಮುಟ್ಟಲು ಬಿಡದವನೂ ಮುಟ್ಟಲಾಗದವನೂ ಸುಮ್ಮನೆ ತಂತಮ್ಮ ಮನೆಯಲ್ಲಿ ಮಲಗಿದರೆ ಊರು ಶಾಂತವಾಗಿ ಕಾಣುತ್ತದೆ; ಅದನ್ನು ಸಮಾಧಾನ ಎನ್ನಲಾಗದು. ನ್ಯಾಯವನ್ನು ಹೊರಗಿಟ್ಟು ಸಮಾಧಾನಕ್ಕಾಗಿ ಪ್ರಾರ್ಥಿಸಬಾರದೆಂಬ ಎಚ್ಚರಿಕೆಯನ್ನು ನಿಪ್ಪಾಣಿ ನಮಗೆ ಕೊಟ್ಟಿದೆ. ಚರ್ಚಿನ ಬೆಂಚುಗಳಲ್ಲಿ, ಮದುವೆಯ ಮಾತುಕತೆಗಳಲ್ಲಿ ಹಳೆಯ ಜಾತಿಯ ನೆನಪು ಇನ್ನೂ ಉಳಿದಿರುವ ಕಡೆ ಆ ಎಚ್ಚರಿಕೆ ಇನ್ನೂ ಹಳತಾಗಿಲ್ಲ.

ಬೇರ್ಪಟ್ಟವರು ಒಂದಾದದ್ದು

1919ರ ಮೇ ತಿಂಗಳ ಮೊದಲ ಎರಡು ದಿನ ತಮಿಳುನಾಡಿನ ತರಂಗಂಬಾಡಿಯಲ್ಲಿ ಮೂವತ್ತಮೂರು ಮಂದಿ ಸೇರಿದರು. ಮಹಾಯುದ್ಧ ನಿಂತು ಆರು ತಿಂಗಳಾಗಿತ್ತು. ಭಾರತದ ಮೊದಲ ಭಾರತೀಯ ಆಂಗ್ಲಿಕನ್ ಬಿಷಪ್ ವಿ.ಎಸ್. ಅಜರಯ್ಯ ಆ ಗುಂಪಿನ ಮುಂದಾಳು. ನಮ್ಮ ಸಭೆಗಳ ಒಡಕು ನಾವು ಹುಟ್ಟಿಸಿದ್ದಲ್ಲ, ಹೊರಗಿನಿಂದ ನಮ್ಮ ಮೇಲೆ ಬಂದದ್ದು. ಆದರೂ ಅದನ್ನು ಸರಿಪಡಿಸುವ ಹೊಣೆ ನಮ್ಮದೇ ಎಂಬುದು ಅವರ ನಿಲುವಾಗಿತ್ತು. ಆ ಮಾತು ಕೈಗೂಡಲು ಇಪ್ಪತ್ತೆಂಟು ವರ್ಷ ಹಿಡಿಯಿತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ಆಂಗ್ಲಿಕನ್ನರು, ಬ್ರಿಟಿಷ್ ಮೂಲದ ಮೆಥೊಡಿಸ್ಟರು, ದಕ್ಷಿಣ ಭಾರತ ಐಕ್ಯ ಸಭೆಯವರು ಕೂಡಿ ದಕ್ಷಿಣ ಭಾರತ ಸಭೆಯಾದರು. ಪಂಜಾಬ್‌ನಲ್ಲಿ ರೈಲುಗಳು ಹೆಣ ಹೊತ್ತು ಬರುತ್ತಿದ್ದ ವಾರಗಳವು. ದೇಶ ಒಡೆಯುತ್ತಿದ್ದಾಗ ಒಂದು ಸಭೆ ಒಂದಾಗುತ್ತಿತ್ತು.

1950ರಲ್ಲಿ ಈ ಹೊಸ ಸಭೆ ಕರ್ತನ ಭೋಜನಕ್ಕೆ ಹೊಸ ಆರಾಧನಾ ಕ್ರಮವೊಂದನ್ನು ಒಪ್ಪಿಕೊಂಡಿತು. ಅದರಲ್ಲಿ ಕಾಣಿಕೆಗೆ ಮೊದಲು ‘ಸಮಾಧಾನ’ ಬರುತ್ತದೆ. ಕೇರಳದ ಸುರಿಯಾನಿ ಕ್ರೈಸ್ತರ ಹಳೆಯ ರೂಢಿಯಿಂದ ತಂದ ಕ್ರಮವಿದು. ಸಭಾಪಾಲಕರು ತಮ್ಮ ಪಕ್ಕದವರ ಕೈಗಳನ್ನು ತಮ್ಮ ಎರಡು ಅಂಗೈಗಳ ನಡುವೆ ಹಿಡಿಯುತ್ತಾರೆ; ಅವರು ಮುಂದಿನವರಿಗೆ, ಮುಂದಿನವರು ಹಿಂದಿನ ಸಾಲಿಗೆ ಅದನ್ನು ದಾಟಿಸುತ್ತಾರೆ. ಕಾಣಿಕೆಗೆ ಮೊದಲೇ ಏಕೆ ಎಂದು ಕೇಳಿದರೆ ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯ ಉತ್ತರ ಕೊಡುತ್ತದೆ: ಯಾರಿಗಾದರೂ ನಿನ್ನ ಮೇಲೆ ಮುನಿಸಿದ್ದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನ ಜೊತೆ ಒಂದಾಗಿ ಬಾ ಎಂದು ಯೇಸು ಕಲಿಸಿದನು. ಕೈ ಕೊಡದೆ ಕಾಣಿಕೆ ಕೊಡಬೇಡ ಎಂಬ ಈ ಬೋಧನೆಯನ್ನು ಆರಾಧನೆಯ ಕ್ರಮದಲ್ಲೇ ಹೊಲಿದುಬಿಟ್ಟ ಹಿರಿಮೆ ದಕ್ಷಿಣ ಭಾರತದ್ದು. ಮುಂದೆ ಜಗತ್ತಿನ ಅನೇಕ ಸಭೆಗಳು ತಮ್ಮ ಆರಾಧನೆಯನ್ನು ತಿದ್ದಿಕೊಂಡಾಗ ಈ ಮಾದರಿಯನ್ನು ಕಣ್ಣ ಮುಂದಿಟ್ಟುಕೊಂಡವು.

ನಮ್ಮ ಐದು ತಾಲ್ಲೂಕುಗಳ ವಿಷಯಕ್ಕೆ ಬಂದರೆ, ಐಕ್ಯದ ಕಥೆ ಅಷ್ಟು ಸರಳವಾಗಿ ಮುಗಿಯುವುದಿಲ್ಲ. ಬೇರೆ ಕಡೆಯ ಲಂಡನ್ ಮಿಷನ್ ಸಭೆಗಳು ಐಕ್ಯ ಸಭೆಯ ಮೂಲಕ ದಕ್ಷಿಣ ಭಾರತ ಸಭೆಯನ್ನು ಸೇರಿದವು. ಬೆಳಗಾವಿ 1904ರಲ್ಲೇ ಅಮೆರಿಕನ್ ಮೆಥೊಡಿಸ್ಟರ ಕೈಸೇರಿದ್ದರಿಂದ ಹೊರಗುಳಿಯಿತು. ಕೊಲ್ಹಾಪುರದ ಪ್ರೆಸ್ಬಿಟೇರಿಯನ್ ಸಭೆಗಳು ಉತ್ತರ ಭಾರತದ ಐಕ್ಯ ಸಭೆಯ ಮೂಲಕ 1970ರ ನವೆಂಬರ್ 29ರಂದು ನಾಗಪುರದಲ್ಲಿ ಹುಟ್ಟಿದ ಉತ್ತರ ಭಾರತ ಸಭೆಗೆ ಬಂದವು. ಆ ಐಕ್ಯದಲ್ಲಿ ಕೂಡಬೇಕಾಗಿದ್ದ ಮೆಥೊಡಿಸ್ಟರು ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದರು. 1981ರ ಜನವರಿ 7ರಂದು ಭಾರತದ ಮೆಥೊಡಿಸ್ಟ್ ಸಭೆ ಸ್ವತಂತ್ರವಾಗಿ ನಿಂತಿತು. ಧಾರವಾಡದ ಕಡೆಯಿಂದ ದಕ್ಷಿಣ ಭಾರತ ಸಭೆಯ ಉತ್ತರ ಕರ್ನಾಟಕ ಧರ್ಮಪ್ರಾಂತ್ಯ ಬಂತು. ಫಲವಾಗಿ ದೂಧಗಂಗಾ ನದಿಯ ಆಸುಪಾಸಿನಲ್ಲಿ ಮೂರು ಪ್ರಾಟೆಸ್ಟಂಟ್ ಆಡಳಿತಗಳ ಅಂಚುಗಳು ಕೂಡುತ್ತವೆ. ರಾಜ್ಯಗಳ ಗಡಿಯನ್ನು ದೂರುವ ಮೊದಲು ನಮ್ಮ ಬೇಲಿಗಳನ್ನೂ ನೋಡಿಕೊಳ್ಳಬೇಕಾದ ಸಂಗತಿ ಇದು.

ಶಾಂತಿ ಹಂಚಿಕೊಳ್ಳುವ ಕೈ

ಕಥೋಲಿಕರ ಬೆಳಗಾವಿ ಧರ್ಮಪ್ರಾಂತ್ಯ 1953ರ ಸೆಪ್ಟೆಂಬರ್ 19ರಂದು ರೂಪುಗೊಂಡಿತು. ಗೋವೆಯ ಮತ್ತು ಪುಣೆಯ ಅಧಿಕಾರದಲ್ಲಿದ್ದ ಪ್ರದೇಶಗಳನ್ನು ಕೂಡಿಸಿ ರಚಿಸಿದ್ದು ಅದು. ಹುಟ್ಟಿನಿಂದಲೇ ಕನ್ನಡ, ಕೊಂಕಣಿ, ಮರಾಠಿ ಮೂರೂ ಅದರ ಮನೆಮಾತುಗಳು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್‌ನಲ್ಲಿ ಆರಾಧನೆಯ ಕುರಿತ ಸಂವಿಧಾನವನ್ನು ಪ್ರಕಟಿಸಿತು. ಅದಾದ ಮೇಲೆ ಬಲಿಪೂಜೆ ಲತೀನಿನಿಂದ ಜನರ ನುಡಿಗೆ ಇಳಿಯಿತು. 1969ರಲ್ಲಿ ಭಾರತದ ಧರ್ಮಾಧ್ಯಕ್ಷರು ಕೇಳಿಕೊಂಡ ಹನ್ನೆರಡು ಅಂಶಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಒಂದು ಶಾಂತಿಯನ್ನು ಹಂಚಿಕೊಳ್ಳುವ ಬಗೆಯದು: ಕೈಮುಗಿದು ನಮಸ್ಕರಿಸಬಹುದು, ಇಲ್ಲವೆ ಒಬ್ಬರ ಕೈಗಳನ್ನು ಇನ್ನೊಬ್ಬರ ಅಂಗೈಗಳ ನಡುವೆ ಇಡಬಹುದು.

ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕೆಂದು ನನ್ನ ಕೋರಿಕೆ. 1950ರಲ್ಲಿ ಪ್ರಾಟೆಸ್ಟಂಟರು ಕಂಡುಕೊಂಡ ಸನ್ನೆಯನ್ನೇ 1969ರಲ್ಲಿ ಕಥೋಲಿಕರೂ ತಮ್ಮ ಆಯ್ಕೆಗಳಲ್ಲಿ ಒಂದಾಗಿ ಇಟ್ಟುಕೊಂಡರು. ಒಬ್ಬರು ‘ಸಮಾಧಾನ’ ಎನ್ನುತ್ತಾರೆ, ಇನ್ನೊಬ್ಬರು ‘ಶಾಂತಿ’ ಎನ್ನುತ್ತಾರೆ. ಕೈಗಳು ಆಡುವ ಭಾಷೆ ಒಂದೇ ಆಗಿದೆ. ದೇವಶಾಸ್ತ್ರದ ಪುಸ್ತಕಗಳು ಇನ್ನೂ ಒಪ್ಪದಿರುವಲ್ಲಿ ಅಂಗೈಗಳು ಒಪ್ಪಿಕೊಂಡಿವೆ.

ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿ ಯೇಸುಸಭೆಯ ಸ್ವಾಮಿಗಳು ಕಾವಿ ಉಟ್ಟು, ಸಸ್ಯಾಹಾರಿಗಳಾಗಿ, ಗುಡಿಯ ಶೈಲಿಯಲ್ಲಿ ದೇವಾಲಯ ಕಟ್ಟಿ, ಮಠಗಳ ನಾಡಿನಲ್ಲಿ ಆಶ್ರಮವಾಗಿ ಬದುಕಿದ್ದೂ ಇದೇ ಸಮಾಧಾನದ ಇನ್ನೊಂದು ಮುಖ. ಸೇವೆ ಮಾಡುವ ಜನರ ಊಟ, ಉಡುಗೆ, ಮಾತಿಗೆ ಮೊದಲು ಗೌರವ ಕೊಡು ಎಂಬ ಪಾಠ ಅಲ್ಲಿದೆ.

ಈ ಧರ್ಮಪ್ರಾಂತ್ಯ ಇಬ್ಬರು ಧರ್ಮಾಧ್ಯಕ್ಷರನ್ನು ಬೆಂಗಳೂರಿಗೆ ಕೊಟ್ಟಿತು. 2004ರವರೆಗೆ ಬೆಳಗಾವಿಯಲ್ಲಿದ್ದ ಬರ್ನಾಡ್ ಮೊರಾಸ್, 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಮತ್ತಿತರ ಕಡೆ ಚರ್ಚುಗಳ ಮೇಲೆ ದಾಳಿಯಾದಾಗ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿದ್ದರು. 2006ರಿಂದ 2018ರವರೆಗೆ ಬೆಳಗಾವಿಯಲ್ಲಿದ್ದ ಪೀಟರ್ ಮಚಾದೊ, ಮತಾಂತರ ನಿಷೇಧ ಮಸೂದೆ 2021ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ವಿಧಾನಸಭೆಯ ಒಪ್ಪಿಗೆ ಪಡೆದಾಗ ಬೆಂಗಳೂರಿನ ಅದೇ ಪೀಠದಲ್ಲಿದ್ದರು. ಕ್ರೈಸ್ತರ ಮೇಲಿನ ದಾಳಿಗಳ ವಿಷಯವನ್ನು ಅವರು ಸುಪ್ರೀಂ ಕೋರ್ಟಿನವರೆಗೂ ಒಯ್ದರು. ಪ್ರಾರ್ಥನೆ ಎಂದರೆ ಬಾಯಿ ಮುಚ್ಚಿ ಸಹಿಸಿಕೊಳ್ಳುವುದೆಂದು ತಿಳಿದವರಿಗೆ ಇದು ಉತ್ತರ. ಕೈಮುಗಿದು ಕ್ಷಮಿಸಬಹುದು, ಅದೇ ಕೈಯಿಂದ ನ್ಯಾಯಾಲಯಕ್ಕೆ ಅರ್ಜಿಯನ್ನೂ ಬರೆಯಬಹುದು. ದ್ವೇಷವಿಲ್ಲದೆ ನ್ಯಾಯ ಕೇಳುವುದೂ ಸಮಾಧಾನದ ಸೇವೆಯೇ.

ನವೆಂಬರ್ ಒಂದು

ನಮ್ಮ ಸೀಮೆಯಲ್ಲಿ ಗಡಿ ಎಂಬುದು ಹಲವು ಸಲ ಸ್ಥಳ ಬದಲಾಯಿಸಿದೆ. ರಾಯಬಾಗ 1949ರವರೆಗೆ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಚಿಕ್ಕೋಡಿ, ಅಥಣಿ ಮುಂಬೈ ಪ್ರಾಂತದಲ್ಲಿದ್ದವು. 1956ರ ನವೆಂಬರ್ 1ರಂದು ಇವೆಲ್ಲ ಮೈಸೂರು ರಾಜ್ಯಕ್ಕೆ ಸೇರಿದವು. ಗಡಿಯ ತಕರಾರು ಬಗೆಹರಿಸಲು 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟಿತು. ಬೆಳಗಾವಿ ಇಲ್ಲಿಯೇ ಉಳಿಯಲಿ, ನಿಪ್ಪಾಣಿ ಮಹಾರಾಷ್ಟ್ರಕ್ಕೆ ಹೋಗಲಿ ಎಂದಿತು. ಮಹಾರಾಷ್ಟ್ರ ಅದನ್ನು ಒಪ್ಪದೆ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಇಂದಿಗೂ ಗದ್ದಲವಾದಾಗ ಗಡಿ ದಾಟುವ ಬಸ್ಸುಗಳು ನಿಲ್ಲುತ್ತವೆ, ಫಲಕಗಳಿಗೆ ಮಸಿ ಬೀಳುತ್ತದೆ. ನಿಪ್ಪಾಣಿಯ ಹುಡುಗರು ಓದುವ ದೇವಚಂದ ಕಾಲೇಜು ಇರುವ ಅರ್ಜುನನಗರವೇ ಮಹಾರಾಷ್ಟ್ರದಲ್ಲಿದೆ. ಬಸ್ಸು ನಿಂತ ದಿನ ಪಾಠವೂ ನಿಲ್ಲುತ್ತದೆ.

ಪಂಚಾಂಗ ಮುಂದಿಟ್ಟುಕೊಂಡು ನೋಡಿದರೆ ನಮ್ಮ ಸಭೆಗಳಿಗೆ ದೊಡ್ಡದೊಂದು ಕರೆ ಕಾಣುತ್ತದೆ. ನವೆಂಬರ್ 1 ಕನ್ನಡಿಗರಿಗೆ ರಾಜ್ಯೋತ್ಸವ. ಮಹಾರಾಷ್ಟ್ರ ಏಕೀಕರಣ ಸಮಿತಿಯವರಿಗೆ ಅದು ಕರಾಳ ದಿನ. ಕ್ರೈಸ್ತ ಪಂಚಾಂಗದಲ್ಲಿ ಅದು ಸಕಲ ಸಂತರ ಹಬ್ಬ: ಎಲ್ಲ ಕುಲ, ಎಲ್ಲ ನುಡಿಯ ಭಕ್ತರನ್ನು ಒಟ್ಟಿಗೆ ನೆನೆಯುವ ದಿನ. ಜನವರಿ 17ರಂದು 1956ರ ಗಡಿ ಚಳವಳಿಯಲ್ಲಿ ಸತ್ತವರನ್ನು ಮರಾಠಿ ಭಾಷಿಕರು ಹುತಾತ್ಮರೆಂದು ನೆನೆಯುತ್ತಾರೆ. ಮರುದಿನ, 18ರಿಂದ 25ರವರೆಗೆ, ಕ್ರೈಸ್ತರ ಐಕ್ಯಕ್ಕಾಗಿ ಜಗತ್ತಿನಾದ್ಯಂತ ಪ್ರಾರ್ಥನಾ ಸಪ್ತಾಹ. 1908ರಿಂದ ಅದು ನಡೆದುಬಂದಿದೆ. ಯಾರೂ ಯೋಜಿಸದೆ ಬಂದ ಈ ಹೊಂದಿಕೆಯನ್ನು ದೇವರು ನಮ್ಮ ಕೈಗಿಟ್ಟ ಅವಕಾಶವೆಂದು ನಾನು ನಂಬುತ್ತೇನೆ. ಸಂತರ ಹಬ್ಬದಂದು ಕನ್ನಡ ನಾಡಿನ ಒಳಿತಿಗಾಗಿ ಮನಸಾರೆ ಸ್ತೋತ್ರ ಸಲ್ಲಿಸುವವನು, ಅದೇ ದಿನ ಮನಸ್ಸು ಕಹಿಯಾಗಿರುವ ಮರಾಠಿ ನೆರೆಯವನ ಹೆಸರನ್ನೂ ಪ್ರಾರ್ಥನೆಯಲ್ಲಿ ಎತ್ತಲಿ. ನಾಡಿನ ಮೇಲಿನ ಪ್ರೀತಿ ಅದರಿಂದ ಕಡಿಮೆಯಾಗುವುದಿಲ್ಲ.

ನೆರೆಯವರಿಂದ ಕಲಿತದ್ದು

1981ರಲ್ಲಿ ನಿಪ್ಪಾಣಿಯ ಹೊಗೆಸೊಪ್ಪು ಬೆಳೆಗಾರರು ಒಳ್ಳೆಯ ಬೆಲೆಗಾಗಿ ಪುಣೆ ಬೆಂಗಳೂರು ಹೆದ್ದಾರಿಯಲ್ಲಿ ವಾರಗಟ್ಟಲೆ ಕುಳಿತರು. ಏಪ್ರಿಲ್ 6ರಂದು ಗೋಲಿಬಾರ್ ಆಗಿ ರೈತರು ಪ್ರಾಣ ತೆತ್ತರು. ಗಡಿಯ ಎರಡೂ ಬದಿಯ, ಎರಡೂ ಭಾಷೆಯ ರೈತರು ಒಂದೇ ರಸ್ತೆಯ ಮೇಲೆ ಕುಳಿತಿದ್ದ ಚಳವಳಿ ಅದು. ಬೀಡಿ ಕಟ್ಟುವ ಹೆಂಗಸರ ಸಂಘಟನೆಯೂ ಅದೇ ಊರಿನಲ್ಲಿ ಬೆಳೆಯಿತು. ಭಾಷೆಗಾಗಿ ಬೇರಾದವರು ಹೊಟ್ಟೆಪಾಡಿಗಾಗಿ ಒಂದಾಗಬಲ್ಲರು ಎಂದು ನಿಪ್ಪಾಣಿ ತೋರಿಸಿತು. ಕೃಷ್ಣೆಯ ಪ್ರವಾಹವೂ 2005ರಲ್ಲಿ, 2019ರಲ್ಲಿ ಅದನ್ನೇ ತೋರಿಸಿತು. ಸಾಂಗಲಿ, ಮಿರಜ್‌ನಿಂದ ಅಥಣಿ, ರಾಯಬಾಗದವರೆಗೆ ನೀರು ಯಾರ ಮಾತೃಭಾಷೆಯನ್ನೂ ಕೇಳದೆ ಮನೆಗಳಿಗೆ ನುಗ್ಗಿತು.

ಕ್ಷಮೆಯ ಪಾಠವನ್ನು ಈ ನೆಲಕ್ಕೆ ಕ್ರೈಸ್ತರೇ ತಂದರೆಂದು ಹೇಳಿದರೆ ಸುಳ್ಳಾಗುತ್ತದೆ. ಇದು ಜೈನರ ಸೀಮೆ. ಭೋಜ ಗ್ರಾಮದಲ್ಲಿ ಬೆಳೆದ ಆಚಾರ್ಯ ಶಾಂತಿಸಾಗರರು, 1925ರಲ್ಲಿ ಶೇಡಬಾಳದಲ್ಲಿ ಹುಟ್ಟಿದ ಆಚಾರ್ಯ ವಿದ್ಯಾನಂದರು, 1946ರಲ್ಲಿ ಸದಲಗಾದಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು, ಮೂವರೂ ನಮ್ಮ ತಾಲ್ಲೂಕುಗಳವರು. ದಶಲಕ್ಷಣ ಪರ್ವ ಮುಗಿದ ಮೇಲೆ ಬರುವ ಕ್ಷಮಾವಾಣಿಯಲ್ಲಿ ಜೈನರು ಮನೆಮನೆಗೆ ಹೋಗಿ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಬೇಡುತ್ತಾರೆ. ಅವರು ‘ನಿನ್ನನ್ನು ಕ್ಷಮಿಸಿದ್ದೇನೆ’ ಎಂದು ಶುರುಮಾಡುವುದಿಲ್ಲ. ‘ನನ್ನನ್ನು ಕ್ಷಮಿಸು’ ಎಂದು ಶುರುಮಾಡುತ್ತಾರೆ. ಅಥಣಿಯ ಗಚ್ಚಿನ ಮಠದ ಮುರುಘೇಂದ್ರ ಶಿವಯೋಗಿಗಳನ್ನು ಜಾತಿ ಮತ ನೋಡದೆ ಜನ ನೆನೆಯುತ್ತಾರೆ. ಕುಡಚಿಯ ದರ್ಗಾಕ್ಕೆ, ಚಿಂಚಲಿಯ ಮಾಯಕ್ಕನ ಜಾತ್ರೆಗೆ ಹೋಗುವವರಿಗೆ ಗಡಿಯಿಲ್ಲ. ಸಮಾಧಾನದ ವಿಷಯದಲ್ಲಿ ಕಲಿಯಲು ಬೇಕಾದಷ್ಟು ಪಾಠಶಾಲೆಗಳು ನಮ್ಮ ಸುತ್ತ ಇವೆ.

ಕ್ಷಮಾವಾಣಿಯ ಆ ಮನಸ್ಸನ್ನೇ ದೂರದ ಇಂಗ್ಲೆಂಡಿನ ಕಾವೆಂಟ್ರಿಯಲ್ಲೂ ಕಾಣಬಹುದು. 1940ರ ನವೆಂಬರ್ 14ರ ರಾತ್ರಿ ಜರ್ಮನ್ ಬಾಂಬುಗಳು ಅಲ್ಲಿನ ಕೆಥೀಡ್ರಲನ್ನು ಸುಟ್ಟವು. ಅಲ್ಲಿನ ಮುಖ್ಯಗುರು ರಿಚರ್ಡ್ ಹೊವರ್ಡ್ ಪಾಳುಗೋಡೆಯ ಮೇಲೆ ಬರೆಸಿದ್ದು ತಂದೆಯಲ್ಲಿ ಕ್ಷಮೆ ಬೇಡುವ ಎರಡೇ ಪದ. ಶಿಲುಬೆಯ ಮೇಲಿನ ಮಾತಿನಲ್ಲಿರುವ ‘ಅವರನ್ನು’ ಎಂಬ ಪದವನ್ನು ಅಲ್ಲಿ ಬಿಟ್ಟಿದ್ದಾರೆ. ತಪ್ಪು ಅವರದಷ್ಟೇ ಅಲ್ಲ, ಎಲ್ಲರದೂ ಎಂಬ ಅರಿವು ಅದು. ಶುಕ್ರವಾರದ ನಡುಹಗಲಿನಲ್ಲಿ ಅಲ್ಲಿ ಇಂದಿಗೂ ಸಮಾಧಾನದ ಪ್ರಾರ್ಥನೆ ನಡೆಯುತ್ತದೆ. ಸದಲಗಾದ ಜೈನ ಬಸದಿಯಲ್ಲಿ ಕೈಮುಗಿಯುವ ಹಿರಿಯರಿಗೆ ಆ ಗೋಡೆಯ ಬರಹದ ಅರ್ಥವನ್ನು ಬಿಡಿಸಿ ಹೇಳುವ ಅಗತ್ಯ ಬೀಳುವುದಿಲ್ಲ.

ಸಭೆಗಳ ಮುಂದಿನ ಕೆಲಸ

ಇಷ್ಟೆಲ್ಲ ನೆನೆದ ಮೇಲೆ ನನಗೆ ಅನ್ನಿಸುವುದು ಇದು. ಟೇಲರ್ ಬೆಳಗಾವಿಗೆ ಕಾಲಿಟ್ಟ ಇನ್ನೂರು ವರ್ಷಗಳಲ್ಲಿ ನಮ್ಮ ಸಂಸ್ಥೆಗಳು ಎತ್ತರಕ್ಕೆ ನಿಂತದ್ದು ಏನನ್ನಾದರೂ ಬಿಟ್ಟುಕೊಟ್ಟಾಗ: 1904ರಲ್ಲಿ ಅಧಿಕಾರವನ್ನು, ಮಿರಜ್‌ನ ವಾರ್ಡುಗಳಲ್ಲಿ ಜಾತಿಯನ್ನು, 1947ರಲ್ಲಿ ಹೆಸರನ್ನು, ದೇಶನೂರಿನಲ್ಲಿ ಪರದೇಶದ ಉಡುಪನ್ನು. ಕುಗ್ಗಿದ್ದು ಆಸ್ತಿಗಾಗಿ, ಪದವಿಗಾಗಿ, ಭಾಷೆಯ ಹಮ್ಮಿಗಾಗಿ ಹಿಡಿತ ಬಿಗಿಮಾಡಿದಾಗ. ಸಮಾಧಾನದ ಪ್ರಾರ್ಥನೆಗೆ ಖಾಲಿ ಕೈ ಬೇಕು. ಮುಷ್ಟಿ ಕಟ್ಟಿದವನ ಕೈಯನ್ನು ಯಾರೂ ತಮ್ಮ ಅಂಗೈಯಲ್ಲಿ ಇಟ್ಟುಕೊಳ್ಳಲಾರರು.

ಆದ್ದರಿಂದ ಈ ಸಂಚಿಕೆಯನ್ನು ಓದುವ ಸಭಾಪಾಲಕರಲ್ಲಿ, ಧರ್ಮಕೇಂದ್ರಗಳ ಗುರುಗಳಲ್ಲಿ, ಮಾರ್ಚ್ ತಿಂಗಳ ಮೊದಲ ಶುಕ್ರವಾರ ವಿಶ್ವ ಪ್ರಾರ್ಥನಾ ದಿನಕ್ಕಾಗಿ ಸೇರುವ ತಾಯಂದಿರಲ್ಲಿ ನನ್ನ ಬಿನ್ನಹ ಮೂರು. ವರ್ಷಕ್ಕೆ ಒಂದು ಸಲವಾದರೂ, ಐಕ್ಯ ಸಪ್ತಾಹದಲ್ಲಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಥೋಲಿಕ, ಮೆಥೊಡಿಸ್ಟ್, ದಕ್ಷಿಣ ಭಾರತ ಸಭೆ, ಉತ್ತರ ಭಾರತ ಸಭೆಯವರು ಒಂದೇ ಛಾವಣಿಯ ಕೆಳಗೆ ಕೂಡಿ ಕನ್ನಡದಲ್ಲೂ ಮರಾಠಿಯಲ್ಲೂ ಪ್ರಾರ್ಥಿಸಿರಿ. ನವೆಂಬರ್ 1ರಂದು ಗಡಿಯ ಎರಡೂ ಬದಿಯ ಜನರನ್ನು ಹೆಸರೆತ್ತಿ ನೆನೆಯಿರಿ. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ಆ ಪ್ರಾರ್ಥನೆಗೆ ಹೋಗುವ ಮೊದಲು, ನಿಮ್ಮ ಸಭೆಯಲ್ಲೇ ಮಾತು ಬಿಟ್ಟಿರುವ ಒಬ್ಬರ ಮನೆಯ ಬಾಗಿಲು ತಟ್ಟಿರಿ. ಒಳಗಿನಿಂದ ‘ಯಾರು?’ ಎಂದು ಕೇಳಿದಾಗ ನಿಮ್ಮ ಹೆಸರು ಹೇಳಿರಿ. ಕಾಣಿಕೆ ಆಮೇಲೆ ಸಲ್ಲಲಿ.